ಮೂರು ಅಂಗುಲ

ಎತ್ತರವೆಂದರೆ ಮನುಷ್ಯನಿಗೆ ಹುಟ್ಟಿನಿಂದಲೇ ಬಂದ ಮೋಹ. ಮಗು ಮಂಚವನ್ನೇರುತ್ತದೆ, ಹುಡುಗ ಮರವನ್ನೇರುತ್ತಾನೆ, ದೊಡ್ಡವನಾದ ಮೇಲೆ ಅವನೇ ಮಹಡಿಯ ಮೇಲೆ ಮಹಡಿ ಕಟ್ಟಿಸುತ್ತಾನೆ. ಮೆರವಣಿಗೆಯಲ್ಲಿ ಹೋಗುವವನನ್ನು ಆನೆಯ ಮೇಲೆ ಕೂರಿಸುವುದು ಲೋಕಾಚಾರವೇ ಹೊರತು ಕುರಿಯ ಮೇಲೆ ಕೂರಿಸಿದವರನ್ನು ಯಾರೂ ಕಂಡಿಲ್ಲ. ಹೀಗಿರುವಾಗ, ಕೈಯ ಹಣವನ್ನು ಖರ್ಚುಮಾಡಿ, ರಜೆಯ ದಿನಗಳನ್ನೆಲ್ಲ ಕಳೆದು, ಮೈಗೆಲ್ಲ ಎಣ್ಣೆಮಸಿ ಬಳಿದುಕೊಂಡು, ತನ್ನ ಕಾರನ್ನು ನೆಲಕ್ಕೆ ಮೂರು ಅಂಗುಲ ಹತ್ತಿರ ತರಬೇಕೆಂದು ಹೆಣಗುವವನನ್ನು ಏನೆಂದು ಕರೆಯಬೇಕು? ಹುಚ್ಚನೆಂದು ಕರೆದುಬಿಡುವುದು ಸುಲಭ. ಆದರೆ ಅಮೆರಿಕಾದ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ ಇಂಥ ಹುಚ್ಚರ ಸಂಖ್ಯೆ ಒಂದು ಕಾಲಕ್ಕೆ ಎಷ್ಟಾಯಿತೆಂದರೆ, ಅವರಿಗಾಗಿ ಸಂಘಗಳು ಹುಟ್ಟಿದುವು, ಪತ್ರಿಕೆಗಳು ಹುಟ್ಟಿದುವು, ಕೊನೆಗೆ ಒಂದು ಕಾನೂನೂ ಹುಟ್ಟಿತು. ಆ ಕಾನೂನು ಅಳಿಯುವುದಕ್ಕೆ ಅರವತ್ತು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.

‘ಹಾಟ್ ರಾಡ್’ ಎಂದು ಅವರು ತಮ್ಮ ಕಾರಿಗೆ ಹೆಸರಿಟ್ಟರು. ಹಳೆಯದೊಂದು ಕಾರನ್ನು ಅಗ್ಗಕ್ಕೆ ಕೊಳ್ಳುವುದು. ಮಡ್‌ಗಾರ್ಡು, ಫುಟ್‌ಬೋರ್ಡು ಮೊದಲಾದ ಭಾರವನ್ನೆಲ್ಲ ಕಳಚಿಹಾಕುವುದು. ಎಂಜಿನ್ನಿನ ಬಲವನ್ನು ಹೆಚ್ಚಿಸುವುದು. ಮುಂಭಾಗವನ್ನು ತಗ್ಗಿಸಿ ಹಿಂಭಾಗವನ್ನು ತುಸು ಎತ್ತರದಲ್ಲಿಯೇ ನಿಲ್ಲಿಸುವುದು — ಇವಿಷ್ಟೂ ಆದಾಗ ನಿಂತ ಕಾರೇ ಓಡುತ್ತಿರುವಂತೆ ತೋರುತ್ತದೆ. ಹಾಯುವುದಕ್ಕೆ ಸಿದ್ಧವಾದ ಹೋರಿ ಕೊಂಬು ತಗ್ಗಿಸಿ ನಿಲ್ಲುವುದಿಲ್ಲವೆ? ಆ ಭಂಗಿಯನ್ನು ಬಯಸಿಯೇ ಅವರು ಅಷ್ಟೊಂದು ದುಡಿಯುತ್ತಿದ್ದುದು. ಇದರ ಒಳಗುಟ್ಟು ತಿಳಿಯಬೇಕಾದರೆ ಒಂದು ಸಂಸಾರವನ್ನು ಕಲ್ಪಿಸಿಕೊಂಡರೆ ಸಾಕು. ಅಂಥ ಸಂಸಾರಗಳು ಆ ಸೀಮೆಯಲ್ಲಿ ಸಾವಿರಾರು ಇದ್ದುವು. ಅವರಿಗೆ ಹೆಸರಿಡುವ ಅಗತ್ಯವಿಲ್ಲ.

ತಂದೆ ಓಕ್ಲಹೋಮ ಪ್ರಾಂತದ ರೈತ. ನೇಗಿಲು ಮುರಿದಾಗ ತಾನೇ ಕುಲುಮೆ ಹೂಡಿ ಸರಿಮಾಡಿಕೊಳ್ಳುವಷ್ಟು ಕಮ್ಮಾರಿಕೆಯನ್ನೂ ಬಲ್ಲವನು. 1930ರ ದಶಕದಲ್ಲಿ ಮಳೆಯಿಲ್ಲದೆ ಆ ನಾಡಿನ ಮಣ್ಣು ಧೂಳಾಗಿ, ಧೂಳು ಬಿರುಗಾಳಿಯಾಗಿ ಹಾರಿಹೋಯಿತು. ಹೊಲ ಸಾಲಕ್ಕೆ ಹೋಯಿತು. 1936ರಲ್ಲಿ ಅವನು ಹೆಂಡತಿ, ಹನ್ನೊಂದು ವರ್ಷದ ಮಗ, ಒಂದು ವರ್ಷದ ಮಗಳು, ಎರಡು ಹಾಸಿಗೆ, ಒಂದು ಕುಲುಮೆಯ ಸಾಮಾನಿನ ಪೆಟ್ಟಿಗೆ ಇವನ್ನು ಹೇರಿಕೊಂಡು ಪಶ್ಚಿಮಕ್ಕೆ ಹೊರಟನು. ಹೊತ್ತು ತಂದುದು 1932ನೆಯ ಇಸವಿಯ ಫೋರ್ಡ್ ಕಾರು. ‘ರೂಟ್ 66’ ಎಂದು ಹೆಸರಾದ ಆ ಹೆದ್ದಾರಿ ಪೂರ್ತಿಯಾಗಿ ಗಟ್ಟಿ ರಸ್ತೆಯಾದುದು 1938ರಲ್ಲಿ. ಇವರು ಬಂದಾಗ ಹಲವೆಡೆ ಅದು ಇನ್ನೂ ಮಣ್ಣಿನ ಹಾದಿ. ಕಾರು ನೆಲದಿಂದ ಎತ್ತರದಲ್ಲಿದ್ದುದರಿಂದಲೇ ಕೊರಕಲುಗಳನ್ನು ದಾಟಿ ಬಂದಿತು. ಮೊಹಾವಿ ಮರುಭೂಮಿಯಲ್ಲಿ ನೀರು ಕುದಿದು ಕಾರು ನಿಂತಾಗ ನೆರಳಿಗೆ ಒಂದು ಮರವಿರಲಿಲ್ಲ. ತಾಯಿ ಕಾರಿನ ಅಡಿಯಲ್ಲಿಯೇ ಕಂಬಳಿ ಹಾಸಿ ಮಗುವನ್ನು ಮಲಗಿಸಿದಳು. ಮಗು ಆ ನೆರಳಿನಲ್ಲಿ ಎರಡು ಗಂಟೆಯ ಕಾಲ ಸುಖವಾಗಿ ನಿದ್ರಿಸಿತು.

ಆ ಕಾರು ಅಷ್ಟು ಎತ್ತರವಾಗಿದ್ದುದಕ್ಕೆ ಕಾರಣವಿಲ್ಲದೆ ಇಲ್ಲ. ಹೆನ್ರಿ ಫೋರ್ಡ್ 1908ರಲ್ಲಿ ‘ಟಿ’ ಮಾದರಿಯ ಕಾರನ್ನು ಹೊರತಂದಾಗ ಅಮೆರಿಕಾದ ಹಳ್ಳಿಗಳಲ್ಲಿ ರಸ್ತೆಯೆಂಬುದು ಬಹುಮಟ್ಟಿಗೆ ಗಾಡಿಯ ಜಾಡು ಮಾತ್ರ. ಆ ಜಾಡಿನಲ್ಲಿ ಗಾಲಿ ಒಂದು ಕಡೆ ಹಳ್ಳಕ್ಕಿಳಿದರೂ ಕಾರಿನ ಮೈ ತಿರುಚಿಕೊಳ್ಳಬಾರದೆಂದು ಅವನು ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಅಡುಕಿದ ಕಮಾನನ್ನು ಅಡ್ಡಲಾಗಿ ಕೂರಿಸಿದನು, ಮುಂದಕ್ಕೊಂದು, ಹಿಂದಕ್ಕೊಂದು. ನಮ್ಮ ಜಟಕಾ ಗಾಡಿಯ ಕಮಾನನ್ನು ಕಂಡವರಿಗೆ ಇದು ಹೊಸದಲ್ಲ. ಬಿಲ್ಲಿನ ಬೆನ್ನು ಮೇಲಕ್ಕಿರುವಂತೆ ಅದರ ನಡುವು ಚಾಸಿಗೆ ಬಿಗಿದಿರುತ್ತದೆ; ಎರಡು ತುದಿಗಳು ಗಾಲಿಗಳ ಅಚ್ಚಿಗೆ ತೂಗುಬಿದ್ದಿರುತ್ತವೆ. ಬೇರೆ ಕಂಪನಿಗಳು ಈ ಅಡ್ಡ ಕಮಾನನ್ನು ಬಿಟ್ಟು ಎಷ್ಟೋ ಕಾಲವಾದರೂ ಫೋರ್ಡ್ ಕಾರುಗಳು 1948ರ ಮಾದರಿಯವರೆಗೆ ಅದನ್ನೇ ನಂಬಿಕೊಂಡಿದ್ದುವು. 1932ರ ಕಾರಿಗೆ ಇನ್ನೊಂದು ಹೆಗ್ಗಳಿಕೆ ಇತ್ತು. ಎಂಟು ಸಿಲಿಂಡರುಗಳನ್ನು ‘ವಿ’ ಆಕಾರದಲ್ಲಿ ಜೋಡಿಸಿದ, 65 ಅಶ್ವಶಕ್ತಿಯ ಎಂಜಿನ್ನನ್ನು ಸಾಮಾನ್ಯ ಜನರ ಕೈಗೆಟಕುವ ಬೆಲೆಗೆ ಮೊದಲು ಕೊಟ್ಟುದೇ ಅದು.

ಯುದ್ಧ ಬಂದಿತು. ತಂದೆಗೆ ಲಾಸ್ ಏಂಜಲಿಸ್ ಬಳಿಯ ವಿಮಾನದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ಮಗ ಸೈನ್ಯಕ್ಕೆ ಹೋದನು. 1942ರ ಫೆಬ್ರವರಿಯಿಂದ ಯುದ್ಧ ಮುಗಿಯುವವರೆಗೆ ಅಮೆರಿಕಾದಲ್ಲಿ ಜನಸಾಮಾನ್ಯರಿಗಾಗಿ ಹೊಸ ಕಾರುಗಳೇ ತಯಾರಾಗಲಿಲ್ಲ. ಆದ್ದರಿಂದ 1946ರಲ್ಲಿ ಇಪ್ಪತ್ತೊಂದು ವರ್ಷದ ಮಗ ಮರಳಿ ಬಂದಾಗ ಮನೆಯ ಹಿತ್ತಲ ಷೆಡ್ಡಿನಲ್ಲಿ ಅದೇ ಹಳೆಯ ಕಾರು ಅವನನ್ನು ಎದುರುಗೊಂಡಿತು. “ಇನ್ನು ಇದು ನಿನ್ನದು” ಎಂದು ತಂದೆ ಬೀಗದ ಕೈಯನ್ನು ಮಗನ ಅಂಗೈಯಲ್ಲಿಟ್ಟನು. ಕೊಟ್ಟವನು ಕೊಟ್ಟುದೊಂದು, ತೆಗೆದುಕೊಂಡವನು ತೆಗೆದುಕೊಂಡುದು ಇನ್ನೊಂದು ಎಂಬುದು ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ.

ಲಾಸ್ ಏಂಜಲಿಸಿನ ಈಶಾನ್ಯಕ್ಕೆ, ಬೆಟ್ಟಗಳ ಆಚೆ, ಒಣಗಿಹೋದ ಸರೋವರಗಳಿವೆ. ಅವುಗಳ ತಳ ಮೈಲಿಗಟ್ಟಲೆ ಮಟ್ಟಸವಾಗಿ, ಸಾರಿಸಿದ ಅಂಗಳದಂತೆ ಹಬ್ಬಿಕೊಂಡಿದೆ. ಅಲ್ಲಿ ಹುಡುಗರು ತಮ್ಮ ಕಾರುಗಳನ್ನು ಗಡಿಯಾರದ ಎದುರು ಓಡಿಸಿ ವೇಗವನ್ನು ಅಳೆದುಕೊಳ್ಳುತ್ತಿದ್ದರು. ಈ ಆಟಕ್ಕೆ ಒಂದು ಕಟ್ಟುಪಾಡು ಬೇಕೆಂದು 1937ರಲ್ಲಿಯೇ ಅವರ ಕೂಟಗಳೆಲ್ಲ ಸೇರಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಎಂಬ ಸಂಘವನ್ನು ಸ್ಥಾಪಿಸಿದ್ದುವು. ಮೊದಲು ಓಡುತ್ತಿದ್ದ ಮ್ಯುರಾಕ್ ಸರೋವರವನ್ನು ಸೈನ್ಯ ತೆಗೆದುಕೊಂಡ ಮೇಲೆ, ಯುದ್ಧಾನಂತರ ಎಲ್ ಮಿರಾಜ್ ಎಂಬಲ್ಲಿ ಜನ ನೆರೆಯತೊಡಗಿದರು. ಸೈನ್ಯದಿಂದ ಮರಳಿದ ತರುಣರಿಗೆ ಯಂತ್ರಗಳ ಪರಿಚಯವಿತ್ತು, ಕೈಯಲ್ಲಿ ಒಂದಿಷ್ಟು ಹಣವಿತ್ತು, ಮನಸ್ಸಿನಲ್ಲಿ ಶಾಂತಿಯಿರಲಿಲ್ಲ. ಈ ಮನೆಯ ಮಗನೂ ಒಂದು ಭಾನುವಾರ ಅಲ್ಲಿಗೆ ಹೋಗಿ ಬಂದನು. ಮುಂಭಾಗವನ್ನು ನೆಲಕ್ಕೆ ತಗ್ಗಿಸಿದ ಕಾರೊಂದು ಧೂಳಿನ ಬಾಲವನ್ನೆಬ್ಬಿಸಿಕೊಂಡು ಗಂಟೆಗೆ ನೂರು ಮೈಲಿಗೂ ಮಿಗಿಲಾದ ವೇಗದಲ್ಲಿ ಹಾದುಹೋದುದನ್ನು ಕಂಡ ಮೇಲೆ, ಮನೆಯ ಕಾರು ಅವನ ಕಣ್ಣಿಗೆ ಕೋಳಿಗೂಡಿನಂತೆ ಕಾಣತೊಡಗಿತು.

ಮರುದಿನವೇ ಮಡ್‌ಗಾರ್ಡುಗಳು ಇಳಿದುವು. ಆಮೇಲೆ ಫುಟ್‌ಬೋರ್ಡುಗಳು. ತಂದೆ ಕಾರ್ಖಾನೆಯಿಂದ ಬರುವ ಹೊತ್ತಿಗೆ ಅವು ಬೇಲಿಗೆ ಒರಗಿ ನಿಂತಿದ್ದುವು. ಅವನು ಅವುಗಳನ್ನು ನೋಡಿದನು, ಮಗನನ್ನು ನೋಡಿದನು, ಏನೂ ಹೇಳದೆ ಒಳಗೆ ಹೋದನು. ಊಟದ ಹೊತ್ತಿನಲ್ಲಿ ತಾಯಿಯೇ ಮಾತೆತ್ತಬೇಕಾಯಿತು.

“ಇನ್ನೂ ಏನೇನು ತೆಗೆಯುವುದಿದೆ?”

“ತೆಗೆಯುವುದು ಮುಗಿಯಿತಮ್ಮ. ಇನ್ನು ತಗ್ಗಿಸುವುದು. ಮೂರು ಅಂಗುಲ.”

“ಅದರ ಎತ್ತರ ನಿನಗೇನು ಮಾಡಿತು? ನಿನ್ನ ತಂಗಿ ಅದರ ನೆರಳಿನಲ್ಲಿ ಮಲಗಿ ಬದುಕಿದವಳು. ನೀನು ತಗ್ಗಿಸಿದ ಮೇಲೆ ಅದರ ಅಡಿಯಲ್ಲಿ ಒಂದು ಬೆಕ್ಕೂ ಮಲಗಲಾರದು.”

ಮಗ ನಕ್ಕನು. ತಂದೆ ನಗಲಿಲ್ಲ. “ಅದನ್ನು ಕಟ್ಟಿದವರು ಮೂರ್ಖರಲ್ಲ” ಎಂದಷ್ಟೇ ಹೇಳಿ ಎದ್ದುಹೋದನು. ಅಂದಿನಿಂದ ಅವನು ಷೆಡ್ಡಿನ ಕಡೆಗೆ ಮುಖ ಹಾಕಲಿಲ್ಲ. ಮಗನೂ ಕರೆಯಲಿಲ್ಲ. ಒಂದೇ ಸೂರಿನ ಕೆಳಗೆ ಇಬ್ಬರು ಮೌನವಾಗಿರುವುದು ಮನೆಯ ಹೆಂಗಸರಿಗೆ ಎಷ್ಟು ಭಾರವೆಂಬುದನ್ನು ಅಂಥ ಮನೆಗಳಲ್ಲಿ ಬಾಳಿದವರೇ ಬಲ್ಲರು.

ಕಾರನ್ನು ತಗ್ಗಿಸುವುದಕ್ಕೆ ಹಲವು ದಾರಿಗಳಿವೆ. ಅತ್ಯಂತ ಅಗ್ಗದ ದಾರಿಯೇ ಅತ್ಯಂತ ಅಪಾಯದ್ದು. ಸುರುಳಿ ಸ್ಪ್ರಿಂಗುಗಳಿರುವ ಕಾರಾದರೆ ಒಂದೆರಡು ಸುತ್ತನ್ನು ಗರಗಸದಿಂದ ಕೊಯ್ದುಬಿಡುವವರುಂಟು. ಇನ್ನು ಕೆಲವರು ಅದೂ ಬೇಡವೆಂದು ಗ್ಯಾಸಿನ ಜ್ವಾಲೆ ಹಿಡಿದು ಸುರುಳಿಯನ್ನು ಕೆಂಪಗೆ ಕಾಯಿಸುತ್ತಾರೆ. ಕಾರಿನ ಭಾರಕ್ಕೆ ಅದು ತಾನಾಗಿಯೇ ಕುಸಿಯುತ್ತದೆ. ಆದರೆ ಉಕ್ಕಿಗೆ ಹದವೆಂಬುದೊಂದಿದೆ. ಅಳತೆಯಿಲ್ಲದೆ ಕಾಯಿಸಿದರೆ ಆ ಹದ ಹೋಗುತ್ತದೆ. ಮರಳಿ ಪುಟಿಯುವ ಗುಣ ಕೆಡುತ್ತದೆ. ಈ ಮನೆಯ ಮಗನ ಕಾರಿಗಿದ್ದುದು ಪಟ್ಟಿಗಳ ಕಮಾನು. ಅವನು ಮುಂದಿನ ಕಮಾನನ್ನು ಬಿಚ್ಚಿ, ಅದರೊಳಗಿನ ಪಟ್ಟಿಗಳನ್ನು ಒಂದೊಂದಾಗಿ ತೆಗೆದುಹಾಕುತ್ತ ಹೋದನು. ಪ್ರತಿಯೊಂದು ಪಟ್ಟಿ ಹೋದಂತೆ ಕಾರಿನ ಮೂಗು ಅಷ್ಟಷ್ಟು ಕೆಳಗಿಳಿಯಿತು. ಬಯಸಿದ ಅಳತೆಗೆ ಬಂದಾಗ ಉಳಿದಿದ್ದುವು ಕೆಲವೇ ಪಟ್ಟಿಗಳು. ಕಾರು ಮಾತ್ರ ಹೋರಿಯ ಹಾಗೆ ನಿಂತಿತು. ಅವನು ಸಂಜೆಯವರೆಗೂ ಅದರ ಸುತ್ತ ತಿರುಗಿ ತಿರುಗಿ ನೋಡಿದನು.

ಅವನು ನೋಡದೆ ಹೋದುದು ಒಂದಿತ್ತು. ಕಮಾನು ಭಾರವನ್ನು ಹೊರುವುದಷ್ಟೇ ಅಲ್ಲ. ಗಾಲಿ ಮೇಲೆ ಕೆಳಗೆ ಆಡುವುದಕ್ಕೆ ಎಡೆಯನ್ನೂ ಕೊಡುತ್ತದೆ. ಅಚ್ಚಿಗೂ ಚಾಸಿಗೂ ನಡುವೆ ಇರುವ ಆ ಎಡೆ ತಗ್ಗಿತೆಂದರೆ, ರಸ್ತೆಯ ಒಂದು ಗುಂಡಿಗೆ ಚಾಸಿ ಅಚ್ಚಿನ ಮೇಲೆ ಬಂದು ಅಪ್ಪಳಿಸುತ್ತದೆ. ಅಷ್ಟೇ ಆದರೆ ಸೊಂಟಕ್ಕೆ ಪೆಟ್ಟು ಎಂದು ಸುಮ್ಮನಿರಬಹುದು. ಆ ಮಾದರಿಯ ಫೋರ್ಡಿನಲ್ಲಿ ಸ್ಟಿಯರಿಂಗಿನ ಪೆಟ್ಟಿಗೆ ಚಾಸಿಗೆ ಬಿಗಿದಿರುತ್ತದೆ. ಅಲ್ಲಿಂದ ಒಂದು ಸಲಾಕೆ ಮುಂದಕ್ಕೆ ಚಾಚಿ ಎಡಗಾಲಿಯನ್ನು ಹಿಡಿದಿರುತ್ತದೆ. ಈ ಸಲಾಕೆ ಒಂದು ಓರೆಯಲ್ಲಿದ್ದರೆ ಗಾಲಿ ಮೇಲೆದ್ದರೂ ದಿಕ್ಕು ತಪ್ಪುವುದಿಲ್ಲ. ಕಾರು ಕುಸಿದು ಆ ಓರೆ ಕೆಟ್ಟಿತೆಂದರೆ, ಗಾಲಿ ಮೇಲೆದ್ದ ಪ್ರತಿಸಲವೂ ಸಲಾಕೆ ಅದನ್ನು ತಾನಾಗಿಯೇ ತಿರುಗಿಸುತ್ತದೆ. ಚಾಲಕ ಚಕ್ರವನ್ನು ನೇರವಾಗಿ ಹಿಡಿದಿದ್ದರೂ ಕಾರು ಪಕ್ಕಕ್ಕೆ ಹೋಗುತ್ತದೆ.

ಒಂದು ಶನಿವಾರ ಸಂಜೆ ಹನ್ನೊಂದು ವರ್ಷದ ತಂಗಿ ಹಟ ಹಿಡಿದು ಅಣ್ಣನ ಪಕ್ಕದಲ್ಲಿ ಕುಳಿತಳು. ಕಿತ್ತಳೆಯ ತೋಟಗಳ ನಡುವೆ ರಸ್ತೆ. ವೇಗವೂ ಹೆಚ್ಚಿರಲಿಲ್ಲ. ರೈಲ್ವೆ ಹಳಿಗಳನ್ನು ದಾಟಿ ಇಳಿಯುವಲ್ಲಿ ಒಂದು ತಗ್ಗು ಇತ್ತು. ಮುಂದಿನ ಗಾಲಿಗಳು ಅದಕ್ಕೆ ಬಿದ್ದುವು. ಚಾಸಿ ಅಚ್ಚಿಗೆ ಹೊಡೆದ ಶಬ್ದ ಸಿಡಿಲಿನಂತೆ ಕೇಳಿಸಿತು. ಸ್ಟಿಯರಿಂಗ್ ಚಕ್ರ ಅವನ ಕೈಯಿಂದ ಕಿತ್ತುಕೊಂಡಿತು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕಾರು ತೋಟದ ಕಾಲುವೆಯಲ್ಲಿತ್ತು. ಅಣ್ಣನಿಗೆ ಏನೂ ಆಗಲಿಲ್ಲ. ತಂಗಿಯ ಹಣೆ ಗಾಜಿಗೆ ಬಡಿದು ಸೀಳಿತು. ಡಾಕ್ಟರು ನಾಲ್ಕು ಹೊಲಿಗೆ ಹಾಕಿದರು. ಆ ರಾತ್ರಿ ಮನೆಯಲ್ಲಿ ಯಾರೂ ಊಟಮಾಡಲಿಲ್ಲ. ಯಾರೂ ಬೈಯಲೂ ಇಲ್ಲ. ಬೈದಿದ್ದರೆ ಮಗನಿಗೆ ಎಷ್ಟೋ ಹಗುರವಾಗುತ್ತಿತ್ತು.

ಬೆಳಗಾಯಿತು. ಮಗ ಷೆಡ್ಡಿನಲ್ಲಿ, ಎಳೆದು ತಂದ ಕಾರಿನ ಮುಂದೆ, ಒಂದು ಡಬ್ಬದ ಮೇಲೆ ಕುಳಿತಿದ್ದನು. ಬೇಲಿಗೆ ಒರಗಿದ್ದ ಮಡ್‌ಗಾರ್ಡುಗಳನ್ನು ಅವನು ಒಳಗೆ ತಂದು ಇಟ್ಟುಕೊಂಡಿದ್ದನು. ಬಾಗಿಲಲ್ಲಿ ನೆರಳು ಕಂಡಿತು. ತಂದೆಯ ಒಂದು ಕೈಯಲ್ಲಿ ಸೀಮೆಸುಣ್ಣದ ತುಂಡು, ಇನ್ನೊಂದು ಕೈಯಲ್ಲಿ ದಾರದ ಉಂಡೆ.

“ಅದನ್ನೆಲ್ಲ ಯಾಕೆ ಒಳಗೆ ತಂದೆ?”

“ಮೊದಲಿದ್ದ ಹಾಗೆ ಮಾಡಿಬಿಡುತ್ತೇನೆ, ಅಪ್ಪ. ನೀವು ಹೇಳಿದುದು ಸರಿ.”

ತಂದೆ ಬಹಳ ಹೊತ್ತು ಕಾರನ್ನು ನೋಡಿದನು. “ತಗ್ಗಿಸಿದುದು ತಪ್ಪೆಂದು ನಾನು ಹೇಳಲಿಲ್ಲ. ಕಟ್ಟಿದವರು ಮೂರ್ಖರಲ್ಲ ಎಂದೆ. ಅವರು ಕೊರಕಲಿಗಾಗಿ ಕಟ್ಟಿದರು. ನಿನಗೆ ಕೊರಕಲಿಲ್ಲ, ಟಾರು ರಸ್ತೆಯಿದೆ. ಎಷ್ಟು ಬೇಕೆಂದೆ? ಮೂರು ಅಂಗುಲವೆ? ಹಾಗಾದರೆ ಕಮಾನಿಗೆ ಕೈ ಹಚ್ಚಬೇಡ. ಅಚ್ಚನ್ನು ಬಗ್ಗಿಸು.”

ಹೀಗೆ ಹೇಳಿ ಅವನು ನೆಲದ ಮೇಲೆ ಗೀಟೆಳೆದನು. ಗಾಲಿಗಳು ಕೂರುವ ಎರಡು ತುದಿಗಳನ್ನು ಇದ್ದ ಎತ್ತರದಲ್ಲಿಯೇ ಬಿಟ್ಟು, ನಡುವಿನ ಅಡ್ಡತೊಲೆ ಮಾತ್ರ ಮೂರು ಅಂಗುಲ ಕೆಳಗಿರುವಂತೆ ಅಚ್ಚನ್ನು ಬಗ್ಗಿಸಿದರೆ, ಅದರ ಮೇಲೆ ಕುಳಿತ ಕಮಾನೂ, ಕಮಾನಿನ ಮೇಲೆ ಕುಳಿತ ಕಾರೂ ಅಷ್ಟೇ ಕೆಳಗಿಳಿಯುತ್ತವೆ. ಅಚ್ಚಿಗೂ ಚಾಸಿಗೂ ನಡುವಿನ ಎಡೆ ಒಂದು ಕೂದಲೆಳೆಯಷ್ಟೂ ತಗ್ಗುವುದಿಲ್ಲ. ಕಮಾನು ಮೊದಲಿನಂತೆಯೇ ಆಡುತ್ತದೆ. ಭಾರ ನೆಲಕ್ಕೆ ಹತ್ತಿರವಾಗುವುದರಿಂದ ತಿರುವಿನಲ್ಲಿ ಕಾರು ವಾಲುವುದೂ ಕಡಮೆಯಾಗುತ್ತದೆ.

ಇದು ಆ ತಂದೆ ಹೊಸದಾಗಿ ಕಂಡುಹಿಡಿದ ವಿದ್ಯೆಯಲ್ಲ. ದಕ್ಷಿಣ ಕ್ಯಾಲಿಫೋರ್ನಿಯಾದ ಕೆಲವು ಕಮ್ಮಟಗಳಲ್ಲಿ ಅದು ಆ ಹೊತ್ತಿಗಾಗಲೇ ರೂಢಿಯಲ್ಲಿತ್ತು. ಸ್ಯಾನ್ ಡಿಯಾಗೋ ನಗರದ ಎಡ್ ಸ್ಟೂವರ್ಟ್ ಎಂಬಾತ ಈ ಕೆಲಸದಲ್ಲಿ ಎಷ್ಟು ಹೆಸರಾದನೆಂದರೆ ‘ಆಕ್ಸಲ್’ ಎಂಬುದೇ ಅವನ ಅಡ್ಡಹೆಸರಾಯಿತು. ಫೋರ್ಡಿನ ಅಚ್ಚು ಬಡಿದು ರೂಪಿಸಿದ ಉಕ್ಕಿನದು. ಅದರ ತುದಿಗಳನ್ನು ಕುಲುಮೆಯಲ್ಲಿ ಕೆಂಡದ ಬಣ್ಣ ಬರುವವರೆಗೆ ಕಾಯಿಸಿ, ಎಳೆದು, ಬಗ್ಗಿಸಿ, ಅಚ್ಚಿನ ಮೈ ತಿರುಚದಂತೆ ನೇರ ಮಾಡಬೇಕು. ಎಳೆದಷ್ಟೂ ಉಕ್ಕು ತೆಳ್ಳಗಾಗುತ್ತದೆ. ಆದ್ದರಿಂದ ಆಸೆಗೂ ಒಂದು ಮಿತಿಯಿರಬೇಕು. ಗಿಡವಾಗಿ ಬಗ್ಗದುದು ಮರವಾಗಿ ಬಗ್ಗೀತೆ ಎಂದು ಗಾದೆ ಕೇಳುತ್ತದೆ. ಮರದ ಮಾತು ಹೇಗೋ, ಉಕ್ಕು ಎಷ್ಟು ಹಳೆಯದಾದರೂ ಕಾಯಿಸುವುದನ್ನು ಬಲ್ಲವರ ಕೈಯಲ್ಲಿ ಬಗ್ಗುತ್ತದೆ. ತಂದೆಮಕ್ಕಳ ವಿಷಯವೂ ಕೆಲವೊಮ್ಮೆ ಹಾಗೆಯೇ.

ಅಚ್ಚು ಕಮ್ಮಟಕ್ಕೆ ಹೋಗಿ ಬಗ್ಗಿ ಬಂದಿತು. ಕೆಲಸ ಅಲ್ಲಿಗೆ ಮುಗಿಯಲಿಲ್ಲ. ತೆಗೆದುಹಾಕಿದ ಪಟ್ಟಿಗಳು ಮರಳಿ ಕಮಾನಿಗೆ ಸೇರಿದುವು. ಎರಡು ಗಾಲಿಗಳನ್ನು ಜೋಡಿಸುವ ಸಲಾಕೆ ಈಗ ಬೇರೊಂದು ಕಂಬಿಗೆ ತಾಗುತ್ತಿತ್ತು; ಅದಕ್ಕಾಗಿ ಗಾಲಿಯ ತೋಳನ್ನು ಕಾಯಿಸಿ ಬಾಗಿಸಬೇಕಾಯಿತು. ಇನ್ನೊಂದು ಸೂಕ್ಷ್ಮವುಂಟು. ಬೈಸಿಕಲ್ಲಿನ ಮುಂದಿನ ಕವಲು ನೆಟ್ಟಗಿರದೆ ತುಸು ಹಿಂದಕ್ಕೆ ಒರಗಿರುವುದನ್ನು ಎಲ್ಲರೂ ನೋಡಿದ್ದಾರೆ. ಆ ಒರಗಿನಿಂದಲೇ ಗಾಲಿ ತಾನಾಗಿ ನೇರಕ್ಕೆ ಬರುತ್ತದೆ. ಕಾರಿನ ಅಚ್ಚಿಗೂ ಅಂಥ ಒರಗು ಬೇಕು. ಮುಂಭಾಗ ತಗ್ಗಿದಾಗ ಆ ಒರಗು ಕಡಮೆಯಾಗುತ್ತದೆ. ಕಡಮೆಯಾದರೆ ವೇಗದಲ್ಲಿ ಗಾಲಿಗಳು ನಡುಗತೊಡಗುತ್ತವೆ. ತಂದೆ ಅದನ್ನೂ ಅಳೆದು ಸರಿಪಡಿಸಿದನು. ಹಳೆಯ ಕಾರಿನ ಬ್ರೇಕು ಸಲಾಕೆಗಳಿಂದ ಎಳೆಯುವಂಥದು. 1939ರಿಂದ ಫೋರ್ಡ್ ಕಾರುಗಳಿಗೆ ದ್ರವದ ಒತ್ತಡದಿಂದ ಹಿಡಿಯುವ ಬ್ರೇಕು ಬಂದಿತ್ತು. ಮುರಿದ ಕಾರುಗಳ ಅಂಗಡಿಯಿಂದ ಅಂಥದೊಂದು ಜೊತೆಯನ್ನು ತಂದು ಕೂರಿಸುವವರೆಗೆ ಕಾರು ಷೆಡ್ಡಿನ ಹೊಸಿಲು ದಾಟಕೂಡದೆಂದು ಅವನು ಕಟ್ಟಪ್ಪಣೆ ಮಾಡಿದನು.

ಕೊನೆಗೆ ದಾರದ ಉಂಡೆ ಹೊರಬಂದಿತು. ಒಂದು ಗಾಲಿಯ ಉಕ್ಕಿನ ಅಂಚಿನ ಕೆಳಭಾಗದಿಂದ ಇನ್ನೊಂದು ಗಾಲಿಯ ಅಂಚಿಗೆ ದಾರವನ್ನು ಬಿಗಿಯಾಗಿ ಎಳೆದು ಕಟ್ಟಿದರು. “ಈ ದಾರಕ್ಕಿಂತ ಕೆಳಗೆ ಕಾರಿನ ಒಂದು ಬೋಲ್ಟೂ ಜೋಲಬಾರದು. ಟಯರಿನ ಗಾಳಿ ಒಮ್ಮೆಲೇ ಹೋದರೂ ಕಾರು ಗಾಲಿಯ ಅಂಚಿನ ಮೇಲೆ ಉರುಳಬೇಕು. ಅದರ ಹೊಟ್ಟೆ ನೆಲಕ್ಕೆ ಉಜ್ಜಬಾರದು. ಉಜ್ಜಿದರೆ ಸ್ಟಿಯರಿಂಗ್ ಕೈಯಲ್ಲಿರುವುದಿಲ್ಲ.” ಮಗ ನೆಲದ ಮೇಲೆ ಮಲಗಿ ದಾರದ ಉದ್ದಕ್ಕೂ ಕಣ್ಣು ಹಾಯಿಸಿದನು. ಯಾವುದೂ ತಾಗಲಿಲ್ಲ. ಹಣೆಗೆ ಪಟ್ಟಿ ಕಟ್ಟಿಕೊಂಡಿದ್ದ ತಂಗಿಯೂ ಅವನ ಪಕ್ಕದಲ್ಲಿ ಮಲಗಿ ನೋಡಿದಳು. “ಬೆಕ್ಕು ಮಲಗಬಹುದು” ಎಂದು ಅವಳು ತಾಯಿಗೆ ಕೂಗಿ ಹೇಳಿದಳು. ಅದು ಬಹಳ ದಿನಗಳ ಮೇಲೆ ಆ ಮನೆಯಲ್ಲಿ ಕೇಳಿಬಂದ ನಗೆಗೆ ಕಾರಣವಾಯಿತು. ಮೊದಲ ಸವಾರಿಯಲ್ಲಿ ಮಗನ ಪಕ್ಕದಲ್ಲಿ ಕುಳಿತವನು ತಂದೆ. ರೈಲ್ವೆ ಹಳಿಯ ತಗ್ಗಿನ ಬಳಿ ಅವನ ಕೈ ಬಾಗಿಲನ್ನು ಬಿಗಿಯಾಗಿ ಹಿಡಿಯಿತು. ಕಾರು ಇಳಿಯಿತು, ಏರಿತು, ನೇರವಾಗಿ ಮುಂದೆ ಹೋಯಿತು.

ಆ ಕಾಲದ ಎಲ್ಲ ತರುಣರಿಗೂ ಇಂಥ ತಂದೆ ದೊರೆತಿದ್ದರೆ ಮುಂದಿನ ಕಥೆ ಬೇರೆಯಾಗುತ್ತಿತ್ತು. ಪೊಲೀಸರೂ ದಿನಪತ್ರಿಕೆಗಳೂ ಹಾಟ್ ರಾಡ್ ಹುಡುಗರನ್ನು ಬೀದಿಯ ಪಿಡುಗೆಂದೇ ಬಗೆದಿದ್ದರು. 1948ರ ಜನವರಿಯಲ್ಲಿ ರಾಬರ್ಟ್ ಪೀಟರ್ಸನ್ ಎಂಬ ತರುಣ ‘ಹಾಟ್ ರಾಡ್’ ಪತ್ರಿಕೆಯನ್ನು ಆರಂಭಿಸಿದನು. ಅದರ ಸಂಪಾದಕನಾದ ವಾಲಿ ಪಾರ್ಕ್ಸ್ 1951ರಲ್ಲಿ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ನನ್ನು ಸ್ಥಾಪಿಸಿ, ಬೀದಿಯ ಓಟವನ್ನು ನಿಯಮಬದ್ಧವಾದ ಪಂದ್ಯವನ್ನಾಗಿ ಮಾಡಲು ಶ್ರಮಿಸಿದನು.

ಅದೇ ಕ್ಯಾಲಿಫೋರ್ನಿಯಾದಲ್ಲಿ ಇನ್ನೊಂದು ಬಗೆಯ ತಗ್ಗಿಸುವಿಕೆಯೂ ಬೆಳೆಯುತ್ತಿತ್ತು. ಮೆಕ್ಸಿಕನ್ ಮೂಲದ ಬಡ ತರುಣರು ಹಳೆಯ ಷೆವರ್ಲೆ ಕಾರುಗಳನ್ನು ಕೊಂಡು, ಬೇರೆ ಉಪಾಯವಿಲ್ಲದೆ ಡಿಕ್ಕಿಯಲ್ಲಿ ಮರಳಿನ ಮೂಟೆಗಳನ್ನು ಹೇರಿ ತಗ್ಗಿಸುತ್ತಿದ್ದರು. ಅವರಿಗೆ ಬೇಕಾದುದು ವೇಗವಲ್ಲ; ಸಂಜೆಯ ಹೊತ್ತು ಪೂರ್ವ ಲಾಸ್ ಏಂಜಲಿಸಿನ ವಿಟಿಯರ್ ಬುಲೆವಾರ್ಡಿನಂಥ ಬೀದಿಗಳಲ್ಲಿ ನಿಧಾನವಾಗಿ, ಎಲ್ಲರೂ ನೋಡುವಂತೆ ಸಾಗುವುದು. 1950ರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾದ ವಾಹನ ಸಂಹಿತೆಯಲ್ಲಿ ಒಂದು ವಿಧಿ ಸೇರಿತು: ಕಾರನ್ನು ಮಾರ್ಪಡಿಸಿ, ಅದರ ಯಾವುದೇ ಭಾಗ ಗಾಲಿಯ ಅಂಚಿನ ಕೆಳತುದಿಗಿಂತ ಕೆಳಗೆ ಬರುವಂತೆ ಮಾಡುವುದು ಅಪರಾಧ. ಓದಿದರೆ ಇದು ಆ ರೈತತಂದೆ ಕಟ್ಟಿದ ದಾರವೇ ಅಲ್ಲವೆ ಎನಿಸುತ್ತದೆ. ಆದರೆ ದಾರ ಕಟ್ಟುವ ಕೈಯಲ್ಲಿ ಪ್ರೀತಿಯಿರುವುದು ಬೇರೆ, ಅನುಮಾನವಿರುವುದು ಬೇರೆ. ಮೆಕ್ಸಿಕನ್ ತರುಣರನ್ನು ಬೀದಿಯಲ್ಲಿ ತಡೆದು ನಿಲ್ಲಿಸುವುದಕ್ಕೆ ಆ ವಿಧಿ ಒಂದು ನೆವವಾಯಿತೆಂಬ ನೋವು ಆ ಸಮುದಾಯದಲ್ಲಿ ದಶಕಗಳ ಕಾಲ ಉಳಿಯಿತು.

ನೋವಿಗೆ ಮದ್ದನ್ನು ಜಾಣತನ ಕಂಡುಹಿಡಿಯಿತು. 1959ರಲ್ಲಿ ರಾನ್ ಅಗೀರೆ ಎಂಬ ತರುಣ ವಿಮಾನಗಳ ಹಳೆಯ ಹೈಡ್ರಾಲಿಕ್ ಪಂಪುಗಳನ್ನೂ ಕವಾಟಗಳನ್ನೂ ತಂದು ತನ್ನ ಕಾರ್ವೆಟ್ ಕಾರಿಗೆ ಜೋಡಿಸಿದನು. ಒಂದು ಗುಂಡಿಯನ್ನದುಮಿದರೆ ಕಾರು ನೆಲಕ್ಕಿಳಿಯುತ್ತದೆ. ಪೊಲೀಸರು ಕಂಡರೆ ಮತ್ತೆ ಮೇಲೇಳುತ್ತದೆ! ಕಾನೂನು ಅಳೆಯಲು ಬಂದಾಗ ಕಾರು ಕಾನೂನಿನ ಎತ್ತರದಲ್ಲಿಯೇ ಇರುತ್ತಿತ್ತು. ಮುಂದೆ ಈ ಉಪಾಯ ‘ಲೋರೈಡರ್’ ಕಾರುಗಳ ಜೀವವೇ ಆಯಿತು. ಕೊನೆಗೆ 2023ರಲ್ಲಿ ಕ್ಯಾಲಿಫೋರ್ನಿಯಾದ ಶಾಸನಸಭೆ ಆ ಹಳೆಯ ವಿಧಿಯನ್ನು ತೆಗೆದುಹಾಕಿತು. ನಿಧಾನವಾಗಿ ಬೀದಿ ಸುತ್ತುವುದನ್ನು ನಗರಗಳು ನಿಷೇಧಿಸುವ ಅಧಿಕಾರವನ್ನೂ ಹಿಂತೆಗೆದುಕೊಂಡಿತು. 2024ರ ಜನವರಿ 1ರಿಂದ ತಗ್ಗಿದ ಕಾರು ಆ ಪ್ರಾಂತದಲ್ಲಿ ತಲೆಯೆತ್ತಿ ನಡೆಯಬಹುದಾಗಿದೆ.

ನಮ್ಮ ದೇಶದ ಮಾತು ಬೇರೆ. ತಯಾರಕರು ಕೊಟ್ಟ ರೂಪವನ್ನು ಮಾಲೀಕ ತನಗೆ ತೋಚಿದಂತೆ ಬದಲಿಸುವುದಕ್ಕೆ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣ ಅಡ್ಡಿಯಾಗಿದೆ. 2021ರ ಜುಲೈಯಲ್ಲಿ ಬಂದ ನಿಯಮಗಳ ಪ್ರಕಾರ ಐವತ್ತು ವರ್ಷ ದಾಟಿದ ಕಾರನ್ನು ‘ವಿಂಟೇಜ್’ ಎಂದು ನೋಂದಾಯಿಸಬೇಕಾದರೂ ಅದರ ಚಾಸಿ, ಮೈ, ಎಂಜಿನ್ನು ಹೆಚ್ಚಿನ ಮಾರ್ಪಾಡಿಲ್ಲದೆ ಮೊದಲಿನಂತೆಯೇ ಇರಬೇಕು. ಹಳೆಯದನ್ನು ಇದ್ದಂತೆ ಕಾಪಾಡುವುದು ಒಂದು ಬಗೆಯ ಗೌರವವೆಂಬುದರಲ್ಲಿ ಸಂದೇಹವಿಲ್ಲ. ಆದರೆ ‘ಮೊದಲಿನಂತೆ’ ಎಂಬ ಮಾತಿನ ಮೊದಲು ಯಾವುದು?

ಈ ಪ್ರಶ್ನೆ ಆ ಮನೆಯಲ್ಲಿಯೂ ಎದ್ದಿತು. ತಂದೆ ತೀರಿಕೊಂಡು, ತಾಯಿ ತೀರಿಕೊಂಡು, ಅಣ್ಣನೂ ತೀರಿಕೊಂಡು, ಕಾರು ಉಳಿದುದು ತೊಂಬತ್ತರ ಅಂಚಿನಲ್ಲಿದ್ದ ಆ ತಂಗಿಯ ಬಳಿ. ಮೊಮ್ಮಗ ವಿದ್ಯಾವಂತ, ಹಳೆಯ ಕಾರುಗಳ ಬೆಲೆಯನ್ನೂ ಮರ್ಯಾದೆಯನ್ನೂ ಬಲ್ಲವನು. ಕಾರ್ಖಾನೆಯಿಂದ ಬಂದಂತೆ ಮತ್ತೆ ಎತ್ತರಕ್ಕೆ ನಿಲ್ಲಿಸಿ, ಮಡ್‌ಗಾರ್ಡುಗಳನ್ನು ತೊಡಿಸಿ, ನೇರವಾದ ಅಚ್ಚೊಂದನ್ನು ಹುಡುಕಿ ತಂದು ಕೂರಿಸಿದರೆ ಎಷ್ಟು ಚೆನ್ನ ಎಂಬುದು ಅವನ ಆಸೆ.

“ಇದರ ಹಳೆಯ ಅಚ್ಚನ್ನು ಏನು ಮಾಡಿದಿರಿ, ಅಜ್ಜಿ? ಎಲ್ಲಿಯಾದರೂ ಇಟ್ಟಿದ್ದೀರಾ?” ಎಂದು ಅವನು ಕೇಳಿದನು.

“ಇದೇ ಅದರ ಹಳೆಯ ಅಚ್ಚು” ಎಂದಳು ಅಜ್ಜಿ. “ಧೂಳಿನ ನಾಡಿನಿಂದ ನಮ್ಮನ್ನು ಹೊತ್ತು ತಂದುದು ಇದೇ. ಆಮೇಲೆ ನಮ್ಮಪ್ಪ ಅಣ್ಣನಿಗಾಗಿ ಬಗ್ಗಿಸಿದುದೂ ಇದೇ.”

ಮೊಮ್ಮಗ ಮಂಡಿಯೂರಿ ಕಾರಿನ ಮುಂಭಾಗದ ಅಡಿಗೆ ಇಣುಕಿದನು. ಅಚ್ಚಿನ ತುದಿಯಲ್ಲಿ, ಉಕ್ಕು ಬಾಗುವ ಎಡೆಯಲ್ಲಿ, ಸುತ್ತಿಗೆಯ ಸಣ್ಣ ಸಣ್ಣ ಗುರುತುಗಳು ಕೈಗೆ ತಾಗಿದುವು. ಅಜ್ಜಿ ತನ್ನ ಹಣೆಯ ಮೇಲಿನ ಹಳೆಯ ಗೆರೆಯನ್ನು ಬೆರಳಿನಿಂದ ಸವರಿಕೊಂಡಳು.

“ಅದನ್ನು ನೆಟ್ಟಗೆ ಮಾಡಬೇಡ, ಮಗು. ಹೊರಗೆ ಒಂದು ಸುತ್ತು ಕರೆದುಕೊಂಡು ಹೋಗು. ಹಳಿ ದಾಟುವಾಗ ಮಾತ್ರ ನಿಧಾನ.”

ಮೊಮ್ಮಗ ಬಾಗಿಲು ತೆರೆದು, ಅಜ್ಜಿಯ ಕೈ ಹಿಡಿದು ಕೂರಿಸಿದನು. ಹತ್ತುವುದಕ್ಕೆ ಅವಳಿಗೆ ಕಷ್ಟವಾಗಲಿಲ್ಲ. ಕಾರು ಮೂರು ಅಂಗುಲ ತಗ್ಗಾಗಿಯೇ ಇತ್ತು.